ಐದನೇ ಭಾನುವಾರದ ಕೆನ್ನೆ

ಮೊದಲ ನಾಲ್ಕು ಫೋಟೋಗಳಲ್ಲಿ ಮಗಳ ಕೆನ್ನೆಯ ಮೇಲೆ ರೋಮರಂಧ್ರಗಳಿದ್ದವು. ಐದನೆಯದರಿಂದ ಇರಲಿಲ್ಲ. ಅವಳು ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದಳು, ಪರದೆಯ ತುಂಬ ಬರೀ ಕೆನ್ನೆಯೇ ಆಗುವಷ್ಟು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕಣ್ಣು ಕಿರಿದು ಮಾಡಿ ನೋಡಿದಳು. ಹನ್ನೊಂದು ವರ್ಷದಿಂದ ಈ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಅವಳು ಮಾಡುತ್ತ ಬಂದದ್ದು ಇದೊಂದೇ ಕೆಲಸ. ಸ್ಟುಡಿಯೋ ಯಜಮಾನರು ಹೊರಗೆ ತೆಗೆದ ಮುಖಗಳನ್ನು ಅವಳು ಒಳಗೆ ತಿದ್ದುತ್ತಿದ್ದಳು. ಮೊಡವೆ, ಗಾಯದ ಗುರುತು, ಕಣ್ಣಡಿಯ ಕಪ್ಪು, ಅತ್ತು ಬಂದವರ ರೆಪ್ಪೆಯ ಊತ, ಎಲ್ಲ ಅವಳ ಬೆರಳಿನಡಿ ಕರಗುತ್ತಿದ್ದವು. ಹಾಗಾಗಿ ಬೇರೆ ಯಾರಾದರೂ ಒಂದು ಮುಖಕ್ಕೆ ಕೈಹಾಕಿದ್ದರೆ ಅದು ಅವಳಿಗೆ ತಿಳಿಯದೆ ಹೋಗುವುದಿಲ್ಲ. ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬರು ಡಬ್ಬಿ ಜರುಗಿಸಿದ್ದು ಮನೆಯವಳಿಗೆ ಗೊತ್ತಾಗುವ ಹಾಗೆ. ಐದನೇ ಫೋಟೋದಲ್ಲಿ ಮಗಳು ಕೆನ್ನೆಗೆ ಒತ್ತಿ ಹಿಡಿದಿದ್ದ ಶಾಲೆಯ ಸ್ಕೇಲಿನ ಗೆರೆಗಳು ಒಂದೊಂದೂ ಮೊನಚಾಗಿದ್ದವು. ಕಿವಿಯ ಮುಂದಿನ ನವಿರು ಕೂದಲು ಎಳೆಎಳೆಯಾಗಿ ಕಾಣುತ್ತಿತ್ತು. ಕೆನ್ನೆ ಮಾತ್ರ ಬೆಣ್ಣೆ. ಯಾರೋ ನನ್ನ ಮಗುವಿನ ಮುಖವನ್ನು ತಿದ್ದಿದ್ದಾರೆ ಎಂದುಕೊಂಡಳು, ಮತ್ತು ಹಾಗೆ ಅಂದುಕೊಂಡ ಕೂಡಲೇ ಬಾಗಿಲ ಕಡೆ ತಿರುಗಿ ನೋಡಿದಳು, ಆ ಯಾರೋ ಅಲ್ಲೇ ನಿಂತಿದ್ದಾರೇನೋ ಎಂಬಂತೆ.

ಇವತ್ತು ಬೇಗ ಬಂದದ್ದೇ ಗಂಡ ಕ್ಯಾಮೆರಾದಿಂದ ತೆಗೆದುಕೊಟ್ಟ ಕಾರ್ಡಿನಲ್ಲಿದ್ದ ಈ ಹನ್ನೆರಡು ಫೋಟೋಗಳನ್ನು ಪ್ರಿಂಟ್ ಹಾಕಿಕೊಳ್ಳಲು. ಸಂಜೆ ಐದಕ್ಕೆ ಚರ್ಮದ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಮಚ್ಚೆ ಬಲಗಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ, ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು, ಬಿಳಿ. ಮೊದಲು ಕಂಡವಳು ಅವಳೇ. ಶಾಲೆಗೆ ಹೊರಟಿದ್ದ ಹುಡುಗಿಯನ್ನು ನಿಲ್ಲಿಸಿ, ಟೂತ್‌ಪೇಸ್ಟ್ ಮೆತ್ತಿಕೊಂಡಿದ್ದೀಯ ಎಂದು ಬೈದು, ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದ್ದಳು. ಹೋಗಲಿಲ್ಲ ಎಂದು ಇನ್ನೂ ಉಜ್ಜಿದಳು. ಸುತ್ತಲಿನ ಚರ್ಮ ಕೆಂಪಾಯಿತು, ನಡುವಿನದು ಬೆಳ್ಳಗೇ ಉಳಿಯಿತು, ಹುಡುಗಿ ನೋಯುತ್ತೆ ಅಂತಲೂ ಅನ್ನದೆ ಅಮ್ಮನ ಮುಖವನ್ನೇ ನೋಡುತ್ತ ನಿಂತಿತ್ತು. ಆವತ್ತಿನಿಂದ ಆ ಜಾಗವನ್ನು ಅವಳು ಮುಟ್ಟಿಲ್ಲ. ಮುಲಾಮು ಹಚ್ಚುವುದು ಗಂಡನ ಪಾಲಿಗೆ ಬಂತು, ಫೋಟೋ ತೆಗೆಯುವುದು ಅವಳ ಪಾಲಿಗೆ. ಡಾಕ್ಟರಮ್ಮ ಮೂರು ತಿಂಗಳ ಹಿಂದೆ ಸ್ಪಷ್ಟವಾಗಿ ಹೇಳಿದ್ದರು. ಹನ್ನೆರಡು ಭಾನುವಾರ, ಅದೇ ಕಿಟಕಿ, ಅದೇ ಹೊತ್ತು, ಅದೇ ದೂರ, ಪಕ್ಕದಲ್ಲಿ ಒಂದು ಸ್ಕೇಲು. ಕುಗ್ಗುತ್ತಿದ್ದರೆ ಮುಲಾಮೇ ಸಾಕು. ಕುಗ್ಗದಿದ್ದರೆ ಬೆಳಕಿನ ಚಿಕಿತ್ಸೆ ಶುರು ಮಾಡಬೇಕು, ಅದೂ ತಡಮಾಡದೆ. ಸಣ್ಣದಿರುವಾಗ ಮಾತು ಕೇಳುತ್ತದೆ, ಆಮೇಲೆ ಹಟ ಹಿಡಿಯುತ್ತದೆ. ಏಳುವಾಗ ಒಂದು ಮಾತು ಸೇರಿಸಿದ್ದರು: ನಿಮ್ಮ ಕಣ್ಣನ್ನ ನಂಬಬೇಡಿ, ತಾಯಿ ಕಣ್ಣಿಗೆ ಒಂದು ದಿನ ದೊಡ್ಡದು ಕಾಣುತ್ತೆ, ಒಂದು ದಿನ ಚಿಕ್ಕದು, ಕ್ಯಾಮೆರಾ ನಂಬಿ. ಆ ಮಾತನ್ನು ಅವಳು ಅಕ್ಷರಶಃ ನಂಬಿದ್ದಳು. ಈ ಏಳೆಂಟು ವಾರ ದಿನಾ ಜಡೆ ಹೆಣೆಯುವಾಗ ಕಣ್ಣಿಗೆ ಮಚ್ಚೆ ಇದ್ದಷ್ಟೇ ಇದೆ ಅನ್ನಿಸುತ್ತಿತ್ತು. ಇದು ತಾಯಿ ಕಣ್ಣು ಎಂದು ಅದನ್ನು ಗದರಿಸಿ ಸುಮ್ಮನಾಗಿಸುತ್ತಿದ್ದಳು.

ಭಾನುವಾರ ಹತ್ತು ಗಂಟೆಗೆ ಎಲ್ಲ ನಡೆಯುವ ಕ್ರಮ ಒಂದೇ. ಕಿಟಕಿಯಿಂದ ಎಷ್ಟು ದೂರ ಎಂದು ಗಂಡ ನೆಲಕ್ಕೆ ಟೇಪು ಅಂಟಿಸಿದ್ದ. ಕ್ಯಾಮೆರಾ ಅವನದು, ರೈಲುಗಳ ಫೋಟೋ ತೆಗೆಯುವ ಹುಚ್ಚಿಗೆ ತೆಗೆದುಕೊಂಡದ್ದು. ಬೆಳಕಿಗೆ ಹೊಂದುವ ಹಾಗೆ ಎಲ್ಲ ಕೈಯಾರೆ ಜೋಡಿಸಿ, ಮೇಲಿನ ಡಯಲನ್ನು ‘ಎಂ’ ಅಕ್ಷರಕ್ಕೆ ಇಟ್ಟು, ಇದನ್ನ ಯಾರೂ ತಿರುಗಿಸಬೇಡಿ, ನೀನು ಒತ್ತಿದರೆ ಸಾಕು ಎಂದಿದ್ದ. ಅವಳು ಒತ್ತುತ್ತಿದ್ದಳು, ಅಷ್ಟೇ. ಫೋಟೋ ತಿದ್ದುವವಳಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದರೆ ಜನ ನಗುತ್ತಾರೆ, ಆದರೆ ಅದು ನಿಜ. ಹೊಲಿಗೆ ಬಿಚ್ಚುವುದರಲ್ಲಿ ಪಳಗಿದ ಕೈಗೆ ಬಟ್ಟೆ ಕತ್ತರಿಸಲು ಧೈರ್ಯ ಬಾರದ ಹಾಗೆ. ಕಪಾಟಿನಿಂದ ಕ್ಯಾಮೆರಾ ತರುವುದು, ಮುಚ್ಚಳ ತೆಗೆಯುವುದು, ಆನ್ ಮಾಡಿ ಅಮ್ಮನ ಕೈಗೆ ಕೊಡುವುದು ಮಗಳ ಕೆಲಸ. ಒತ್ತಿದ ಮೇಲೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಸ್ಕೇಲಿನ ಗೆರೆ ಎಣಿಸುವುದು ಅಮ್ಮನದು. ಗಂಡ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ: ಹನ್ನೊಂದು, ಹನ್ನೊಂದು, ಹನ್ನೊಂದು, ಹನ್ನೊಂದು. ಐದನೇ ವಾರ ಒಂಬತ್ತು. ಆಮೇಲೆ ಒಂಬತ್ತು, ಎಂಟು, ಎಂಟು, ಏಳು, ಏಳು, ಏಳು. ಮೊನ್ನೆ ಭಾನುವಾರ ಆರೂವರೆ ಎಂದು ಬರೆದು ಅರ್ಧಕ್ಕೆ ಗೆರೆ ಎಳೆದು ಆರು ಮಾಡಿದ್ದ. ಈಗ ದೊಡ್ಡ ಪರದೆಯಲ್ಲಿ ನೋಡಿದರೆ ಮಚ್ಚೆ ಕುಗ್ಗಿದ್ದಲ್ಲ, ಅದರ ಅಂಚು ಕರಗಿದ್ದು. ಎಲ್ಲಿ ಮುಗಿಯುತ್ತದೆ ಎನ್ನುವುದು ಗೊತ್ತಾಗದ ಕಡೆ ಮನುಷ್ಯ ತನಗೆ ಬೇಕಾದ ಗೆರೆಯನ್ನು ಎಣಿಸುತ್ತಾನೆ.

ಅವನೇ. ಬೇರೆ ಯಾರು? ಐದನೇ ಭಾನುವಾರ ಅವನು ಸ್ನಾನ ಮುಗಿಸಿ ಟವೆಲ್ ಹೆಗಲಿಗೆ ಹಾಕಿಕೊಂಡೇ ಬಂದು, ಅವಳು ಎಣಿಸುವ ಮೊದಲೇ, ಕಮ್ಮಿಯಾಗಿದೆ ನೋಡು ಎಂದಿದ್ದ. ಅಷ್ಟು ಅವಸರ ಏಕಿತ್ತು? ಅವನ ಕಸುಬೇ ಸಮಾಧಾನದ ಸುಳ್ಳು. ಲಿಫ್ಟ್ ಮೆಕ್ಯಾನಿಕ್ಕು, ನಡುಮಹಡಿಯಲ್ಲಿ ಸಿಕ್ಕಿಬಿದ್ದವರಿಗೆ ಮೇಲಿನಿಂದ ‘ಎರಡೇ ನಿಮಿಷ’ ಎಂದು ಕೂಗುವುದು, ಒಂದು ಗಂಟೆ ಹಿಡಿಯುತ್ತದೆಂದು ಗೊತ್ತಿದ್ದರೂ. ನಿಜ ಹೇಳಿದರೆ ಒಳಗಿನವರು ಉಸಿರು ಕಟ್ಟಿಕೊಳ್ಳುತ್ತಾರೆ ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಇದು ತಮಾಷೆಯಾಗಿ ಕಂಡಿತ್ತು. ಈಗ ತಾನೂ ಇಷ್ಟು ದಿನ ನಡುಮಹಡಿಯಲ್ಲಿ ನಿಂತಿದ್ದೆನೇನೋ, ಮೇಲಿನಿಂದ ಒಬ್ಬ ಎರಡೇ ನಿಮಿಷ ಎನ್ನುತ್ತಿದ್ದನೇನೋ. ಅಥವಾ ಅತ್ತೆಯೋ? ಯಾರಾದರೂ ಮನೆಗೆ ಬಂದರೆ ಮೊಮ್ಮಗಳನ್ನು ತಮ್ಮ ಎಡಕ್ಕೆ ಕೂರಿಸಿಕೊಂಡು ಆ ಕೆನ್ನೆ ತಮ್ಮ ಕಡೆಗೇ ಬರುವ ಹಾಗೆ ನೋಡಿಕೊಳ್ಳುವವರು. ಆದರೆ ಅತ್ತೆ ಟಿವಿಯ ರಿಮೋಟನ್ನೇ ತಲೆಕೆಳಗು ಹಿಡಿಯುತ್ತಾರೆ. ಅತ್ತೆಯ ಮೇಲೆ ಅನುಮಾನ ಬಂದದ್ದಕ್ಕೆ ಅವಳಿಗೆ ಒಂದು ಬಗೆಯ ಸುಖವೂ ಆಯಿತು, ಆ ಸುಖಕ್ಕೆ ನಾಚಿಕೆಯೂ ಆಯಿತು. ಆಮೇಲೆ ಮೂರನೆಯ ಯೋಚನೆ ಬಂತು, ಅದು ಬಂದಾಗ ಅವಳು ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನೇ ಮಾಡಿದ್ದರೆ?

ಈ ಕೈ ಕೇಳದೆ ಕೆಲಸ ಮಾಡುತ್ತದೆ. ಎರಡು ವರ್ಷದ ಹಿಂದೆ ಒಬ್ಬ ಗಿರಾಕಿಯ ಗಲ್ಲದ ಮಚ್ಚೆಯನ್ನು ಅದು ಅಳಿಸಿಹಾಕಿತ್ತು. ಗುರುತಿನ ಚೀಟಿಯ ಫೋಟೋ. ಯಾವುದೋ ಕಚೇರಿಯಲ್ಲಿ ಇದು ನೀನಲ್ಲ ಎಂದು ವಾಪಸು ಕಳಿಸಿದರಂತೆ. ಅವನು ಬಂದು ಮೇಜಿನ ಮೇಲೆ ಫೋಟೋ ಎಸೆದು, ಗಲ್ಲ ಮುಂದೆ ಚಾಚಿ, ನೋಡಮ್ಮ, ಸರಿಯಾಗಿ ನೋಡು, ಇದನ್ನ ನಮ್ಮಪ್ಪ ಕೊಟ್ಟಿದ್ದು, ತೆಗೆಯೋಕೆ ನೀನ್ಯಾರು ಎಂದಿದ್ದ. ಯಜಮಾನರು ಅವಳನ್ನು ಗಿರಾಕಿಯ ಎದುರಿಗೆ ನಿಲ್ಲಿಸಿ ತಪ್ಪಾಯಿತು ಅನ್ನಿಸಿದ್ದರು. ಅಳಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಅವತ್ತು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಎದುರು ಕೂತವರ ಮುಖಗಳನ್ನು ನೋಡುತ್ತ, ಯಾರ ಯಾರ ಅಪ್ಪಂದಿರನ್ನು ಅಳಿಸಿದ್ದೇನೋ ಎಂದು ಹೆದರಿದ್ದಳು. ಆದರೆ ಮಗಳ ಫೋಟೋಗಳಿರುವ ಮೆಮೊರಿ ಕಾರ್ಡನ್ನು ಅವಳು ಇವತ್ತಿನವರೆಗೆ ಸ್ಟುಡಿಯೋಗೆ ತಂದೇ ಇಲ್ಲ. ತಂದಿಲ್ಲ ತಾನೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ತನ್ನನ್ನೇ ಗೇಲಿ ಮಾಡಿಕೊಂಡಳು. ಹೆಗಲು ಮುಟ್ಟಿ ನೋಡಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಯಜಮಾನರು ಚಹಾದ ಲೋಟ ಹಿಡಿದು ಒಳಗೆ ಬಂದರು. ಫಿಲಂ ಕಾಲದ ಮನುಷ್ಯ. ಮಾತು ಎಲ್ಲಿಂದ ಶುರುವಾದರೂ ಫಿಲಂ ತೊಳೆಯುವ ಹಳೆಯ ಕತ್ತಲೆಕೋಣೆಗೆ ಹೋಗಿ ನಿಲ್ಲುತ್ತಿದ್ದುದರಿಂದ ಬೆನ್ನ ಹಿಂದೆ ಅವರಿಗೆ ಕತ್ತಲೆಕೋಣೆ ಎಂದೇ ಹೆಸರು. ಪರದೆ ನೋಡಿ, ಯಾರ ಕೆಲಸ ಇದು, ಸ್ವಲ್ಪ ಜಾಸ್ತಿಯೇ ಉಜ್ಜಿದ್ದೀಯಲ್ಲ ಎಂದರು. ಉಜ್ಜಿದ್ದೀಯ ಎಂಬ ಮಾತು ಅವಳಿಗೆ ಎಲ್ಲೋ ತಾಗಿತು. ಇದು ನಾನಲ್ಲ ಸಾರ್ ಎಂದಳು, ಬೇಕಿದ್ದಕ್ಕಿಂತ ಜೋರಾಗಿ. ಅವರು ಬಗ್ಗಿ, ಮೌಸ್ ತೆಗೆದುಕೊಂಡು, ಚಿತ್ರದ ಬೆನ್ನಿಗೆ ಕ್ಯಾಮೆರಾ ತಾನೇ ಬರೆದಿಟ್ಟ ಮಾಹಿತಿಯನ್ನು ತೆರೆದರು. ಮೊದಲ ನಾಲ್ಕಕ್ಕೆ ಒಂದು ಬಗೆ, ಐದರಿಂದ ಹನ್ನೆರಡಕ್ಕೆ ಇನ್ನೊಂದು. ಯಾರೂ ಕೈ ಹಾಕಿಲ್ಲ ಎಂದರು. ಡಯಲಿನಲ್ಲಿ ಓಡುವ ಮನುಷ್ಯ, ಹೂವು, ಬೆಟ್ಟ, ಹೆಂಗಸಿನ ತಲೆ ಎಲ್ಲ ಇರುತ್ತದಲ್ಲ, ಆ ತಲೆಗೆ ತಿರುಗಿಸಿ ಯಾರೋ ತೆಗೆದಿದ್ದಾರೆ. ಆ ಮೋಡಿನಲ್ಲಿ ಕ್ಯಾಮೆರಾ ತಾನೇ ಮುಖ ಎಲ್ಲಿದೆ ಎಂದು ಹುಡುಕಿ, ಚರ್ಮವನ್ನಷ್ಟೇ ನುಣುಪು ಮಾಡಿ, ಬಣ್ಣ ಸ್ವಲ್ಪ ಎತ್ತಿ ಕೊಡುತ್ತದೆ. ಸ್ಕೇಲು ಚರ್ಮವಲ್ಲವಾದ್ದರಿಂದ ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಕಣ್ಣು ಕಳಕೊಳ್ಳುತ್ತಿದ್ದೆವು, ಈಗ ಬಟನ್ ಒತ್ತೋ ಮೊದಲೇ ಮೇಕಪ್ಪು, ಇನ್ನೆರಡು ವರ್ಷಕ್ಕೆ ನೀನೂ ಬೇಡ ನಾನೂ ಬೇಡ ಎಂದು ನಕ್ಕರು. ಅವಳು ನಗಲಿಲ್ಲವೆಂದು ಗಮನಿಸಿ, ಏನಾಯ್ತಮ್ಮ ಎಂದು ಕೇಳಿದರು. ಏನಿಲ್ಲ ಸಾರ್, ಸಂಜೆ ಬೇಗ ಹೋಗಬೇಕಿತ್ತು ಎಂದಳು. ಅವರು ಹೋದ ಮೇಲೆ ಹನ್ನೆರಡನ್ನೂ ಪ್ರಿಂಟಿಗೆ ಹಾಕಿ, ಯಂತ್ರದಿಂದ ಒಂದೊಂದೇ ಕೆನ್ನೆ ಜಾರಿ ಬೀಳುವುದನ್ನು ನೋಡುತ್ತ ನಿಂತಳು. ಕೊನೆಯ ಎಂಟು ಎಷ್ಟು ಚೆನ್ನಾಗಿದ್ದವು. ಇವನ್ನು ಹೀಗೇ ಕೊಟ್ಟರೆ ಡಾಕ್ಟರಮ್ಮ, ಒಳ್ಳೇದಾಯ್ತು, ಮುಲಾಮು ಮುಂದುವರಿಸಿ ಅನ್ನುತ್ತಾರೆ, ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಾರೆ. ಆ ಯೋಚನೆ ಬಂದದ್ದು ಅವಳಿಗೆ ತಿಳಿಯಿತು. ಅದು ಒಂದು ಕ್ಷಣಕ್ಕಿಂತ ಹೆಚ್ಚು ಹೊತ್ತು ಕೂತಿತ್ತೆಂಬುದೂ ತಿಳಿಯಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಗಂಡನಿಗೆ ಫೋನ್ ಮಾಡಿದಳು. ಯಾವುದೋ ಕಟ್ಟಡದ ಲಿಫ್ಟಿನ ಬಾವಿಯೊಳಗಿದ್ದ, ದನಿ ಗುಂಯ್ಗುಡುತ್ತಿತ್ತು. ರೋಮರಂಧ್ರದ ವಿಷಯವನ್ನೂ ಯಜಮಾನರು ಹೇಳಿದ್ದನ್ನೂ ಹೇಳಿದಳು.

“ರೀ, ನಿಜ ಹೇಳಿ. ಡಯಲ್ ನೀವೇ ತಿರುಗಿಸಿದ್ದಲ್ವಾ?”

“ನಾನ್ಯಾಕೆ ತಿರುಗಿಸ್ಲಿ.” ಸ್ಪ್ಯಾನರ್ ಕೆಳಗಿಟ್ಟ ಸದ್ದು. “ಕಮ್ಮಿಯಾಗಿಲ್ಲ ಅಂತ ನನಗೆ ಗೊತ್ತಿತ್ತು. ದಿನಾ ಮುಲಾಮು ಹಚ್ಚೋನು ನಾನಲ್ವಾ.”

“ಗೊತ್ತಿದ್ದೂ ಕ್ಯಾಲೆಂಡರಲ್ಲಿ ಬರೀತಿದ್ರಾ?”

“ನೀನೇ ತಿದ್ದುತಾ ಇದ್ದೀಯ ಅಂದ್ಕೊಂಡಿದ್ದೆ. ಹೇಗೋ, ಏನೋ, ನಿನ್ನ ಕೆಲಸ ನನಗೇನು ತಿಳಿಯುತ್ತೆ? ಡಾಕ್ಟರಿಗೆ ನಿಜವಾದ್ದು ಬೇರೆ ಇಟ್ಟಿರ್ತೀಯ, ಇದು ಮನಸ್ಸಿನ ಸಮಾಧಾನಕ್ಕೆ ಅಂತ. ನೀನು ನಿದ್ದೆ ಮಾಡೋಕೆ ಶುರು ಮಾಡಿದ್ದೆ. ಸುಮ್ಮನಿದ್ದೆ.”

ಫೋನಿಟ್ಟ ಮೇಲೆ ಡಬ್ಬಿ ತೆರೆಯದೆ ಕೂತಳು. ಅವನ ಮಾತನ್ನು ನಂಬಲು ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಅವನು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಇಷ್ಟು ವಾರ ಅವಳ ಸುಳ್ಳೆಂದು ತಿಳಿದು ಅವನು ಅದನ್ನು ಸಾಕಿದ್ದ, ಮಗುವಿನ ಕೆನ್ನೆಗೆ ಮುಲಾಮು ಹಚ್ಚಿ ಬಂದು ಹೆಂಡತಿಯ ಮುಖ ನೋಡಿ ಒಂಬತ್ತು ಎಂದು ಬರೆದಿದ್ದ. ತನ್ನನ್ನು ಅಷ್ಟು ಸುಲಭವಾಗಿ ಸುಳ್ಳುಗಾತಿ ಎಂದುಕೊಂಡನೇ ಎಂದು ಕೋಪ ಬಂತು. ಬೆಳಗ್ಗೆ ನಾನೂ ಅವನನ್ನು ಅಷ್ಟೇ ಸುಲಭವಾಗಿ ಅಂದುಕೊಂಡೆನಲ್ಲ ಎಂದು ಕೋಪ ಅಲ್ಲೇ ನಿಂತಿತು. ಹಾಗಾದರೆ ಉಳಿದವರು ಯಾರು ಎಂದು ಎಣಿಸುವ ಅಗತ್ಯವಿರಲಿಲ್ಲ, ಆದರೂ ಮನಸ್ಸು ಸುತ್ತು ಬಳಸಿ ಹೋಗುತ್ತಿತ್ತು, ಸಾಲದವರ ಮನೆ ಮುಂದೆ ಹಾಯುವುದನ್ನು ತಪ್ಪಿಸುವವರ ಹಾಗೆ. ಕ್ಯಾಮೆರಾದ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಅಪ್ಪ ಮಗಳು ಕಥೆ ಪುಸ್ತಕದಂತೆ ಓದುತ್ತಿದ್ದರು. ಡಯಲಿನ ಚಿತ್ರಗಳಿಗೆ ಮಗಳು ಹೆಸರಿಟ್ಟಿದ್ದಳು. ಓಡುವವನು ಓಡೋ ಮಾಮ. ಹೆಂಗಸಿನ ತಲೆ ಚಿಕ್ಕಮ್ಮ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಲಕೋಟೆ ಮಡಿಲಲ್ಲಿತ್ತು. ನಾಲ್ಕನೇ ಭಾನುವಾರದ ಊಟ ನೆನಪಾಯಿತು, ಅದನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆನೋ ಎನ್ನುವಷ್ಟು ಸ್ಪಷ್ಟವಾಗಿ. ಆವತ್ತೂ ಹನ್ನೊಂದೇ ಬಂದಿತ್ತು. ಪುಟ್ಟ ಪರದೆಯನ್ನು ಹಿಗ್ಗಿಸಿ, ಹಿಗ್ಗಿಸಿ, ಕೊನೆಗೆ ಬರೀ ಚೌಕಚೌಕ ಕಾಣುವವರೆಗೆ ನೋಡಿದ್ದಳು. ಮಗು ಸ್ಕೇಲನ್ನು ಕೆನ್ನೆಗೆ ಒತ್ತಿಕೊಂಡೇ ಟೇಪಿನ ಮೇಲೆ ನಿಂತಿತ್ತು, ಇಳಿಸು ಎಂದು ಹೇಳಲು ಅವಳು ಮರೆತಿದ್ದಳು. ಊಟಕ್ಕೆ ಕೂತಾಗ ಅತ್ತೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳು ನೋಡಿದರೆ ಹೆತ್ತ ಮಗೂನ ಭೂತಗನ್ನಡಿ ಹಿಡಿದು ನೋಡ್ತಾಳೆ ಎಂದು ಚುಚ್ಚಿದರು. ಅವಳು ಅದನ್ನು ನಗೆಯಲ್ಲಿ ತೇಲಿಸಲು, ಏನು ಮಾಡೋದು ಅತ್ತೆ, ಇದು ಪರದೆ ಮೇಲಿದ್ದಿದ್ರೆ ಎರಡು ನಿಮಿಷದಲ್ಲಿ ತೆಗೆದುಬಿಡ್ತಿದ್ದೆ ಎಂದಿದ್ದಳು. ಗಂಡ ನಕ್ಕಿದ್ದ. ಅತ್ತೆಯೂ ನಕ್ಕಿದ್ದರು. ನಾಲ್ಕನೆಯ ತಟ್ಟೆಯ ಮುಂದೆ ಕೂತಿದ್ದವಳು ನಕ್ಕಿದ್ದಳೋ ಇಲ್ಲವೋ ಅವಳು ನೋಡಿರಲಿಲ್ಲ.

ಮನೆಯಲ್ಲಿ ಮಗಳು ಶಾಲೆಯ ಬಟ್ಟೆ ಬದಲಿಸಿ, ಬಲಗಡೆಯ ಕೂದಲನ್ನು ಮುಂದಕ್ಕೆ ಎಳೆದುಕೊಂಡು, ಮೇಜಿನ ಹತ್ತಿರ ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಅತ್ತೆ ಒಳಗೆ ಮಲಗಿದ್ದರು. ಇನ್ನೂ ಮುಕ್ಕಾಲು ಗಂಟೆಯಿತ್ತು. ಅವಳು ಕೈಕಾಲು ತೊಳೆದು ಬಂದು, ಕಪಾಟು ತೆರೆದು, ಮೊದಲ ಸಲ ತಾನೇ ಕ್ಯಾಮೆರಾ ತೆಗೆದಳು. ಡಯಲ್ ‘ಎಂ’ ಮೇಲೇ ಇತ್ತು. ಪ್ರತಿ ಭಾನುವಾರವೂ ತಿರುಗಿಸಿ, ತೆಗೆದಾದ ಮೇಲೆ ಅಪ್ಪನಿಗೆ ಗೊತ್ತಾಗದಂತೆ ಮತ್ತೆ ಇಲ್ಲಿಗೇ ತಂದಿಟ್ಟ ಹತ್ತು ವರ್ಷದ ಬೆರಳುಗಳ ಅಚ್ಚುಕಟ್ಟು ಅವಳಿಗೆ ಹೆದರಿಕೆ ಹುಟ್ಟಿಸಿತು. ಪೆನ್ಸಿಲ್ ಚೂಪು ಮಾಡುವ ಸದ್ದು ನಿಂತಿತ್ತು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತಳು.

“ಚಿಕ್ಕಮ್ಮನಿಗೆ ತಿರುಗಿಸ್ತಿದ್ದೆಯಾ?”

ಮಗಳು ಪೆನ್ಸಿಲಿನ ಸಿಪ್ಪೆಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು. “ನೀನೇ ಹೇಳಿದ್ದೆಯಲ್ಲ, ಎರಡು ನಿಮಿಷ ಅಂತ,” ಎಂದಳು. ಆಮೇಲೆ, “ಅದು ಹೋಗಿಲ್ಲ ಅಂತ ನನಗೆ ಗೊತ್ತು. ಕನ್ನಡೀಲಿ ಇದೆ. ಫೋಟೋದಲ್ಲಿ ಹೋದರೆ ನೀನು ನೋಡೋದು ನಿಲ್ಲಿಸ್ತೀಯ ಅಂದ್ಕೊಂಡೆ.”

“ನಿಲ್ಲಿಸಿದೆನಾ?”

“ಸ್ವಲ್ಪ. ಜಡೆ ಹಾಕುವಾಗ ಹಾಡು ಗುನುಗೋಕೆ ಶುರು ಮಾಡಿದೆ.” ಸಿಪ್ಪೆಯ ಗುಡ್ಡೆಯನ್ನು ಎರಡು ಭಾಗ ಮಾಡಿದಳು. “ಡಾಕ್ಟರ್ ಬೈತಾರಾ?”

ಹಾಡು ಗುನುಗುತ್ತಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ. ತನ್ನ ಕೈ ಕೇಳದೆ ಕೆಲಸ ಮಾಡುತ್ತದೆ ಎಂದು ಗೊತ್ತಿತ್ತು, ಬಾಯಿಯೂ ಮುಖವೂ ಹಾಗೆಯೇ ಎಂದೂ, ಅದನ್ನೆಲ್ಲ ಒಬ್ಬರು ದಿನಾ ಹತ್ತಿರ ನಿಂತು ಗೆರೆ ಗೆರೆಯಾಗಿ ಅಳೆಯುತ್ತಿದ್ದರೆಂದೂ ಹೊಳೆದಿರಲಿಲ್ಲ. ಬೈದರೆ ನನಗೆ ಬೈತಾರೆ ಎಂದಳು. ಎಂಟು ವಾರ ಹೋಯಿತು ಎಂದು ಒಳಗೆ ಒಂದು ದನಿ ಎಣಿಸುತ್ತಲೇ ಇತ್ತು. ಅದನ್ನು ಮುಖದ ಮೇಲೆ ಬರಗೊಡಬಾರದೆಂದು ನೋಡಿದಳು, ಬರಗೊಡದಿರುವುದೂ ಇನ್ನೊಂದು ನುಣುಪು ಎಂದು ಅನ್ನಿಸಿ ಬಿಟ್ಟುಬಿಟ್ಟಳು. ಲಕೋಟೆಯಲ್ಲಿರುವ ಹನ್ನೆರಡನ್ನೂ ತೋರಿಸುವುದು, ಯಾವುದು ಹೇಗೆ ಬಂತೆಂದು ಇದ್ದದ್ದು ಇದ್ದ ಹಾಗೆ ಹೇಳುವುದು, ಈಗ ಒಂದು ಸರಿಯಾದ್ದು ತೆಗೆದುಕೊಂಡು ಹೋಗುವುದು. ಬೆಳಕಿನ ಚಿಕಿತ್ಸೆ ಅಂದರೆ ಅದನ್ನೇ ಮಾಡಿಸುವುದು. ಇಷ್ಟನ್ನು ಅವಳು ಮಗಳಿಗೆ ದೊಡ್ಡವರಿಗೆ ಹೇಳುವ ಹಾಗೆ ಹೇಳಿದಳು. ಮಗಳು ಕೇಳಿ, ಎದ್ದು, ಸ್ಕೇಲು ಹುಡುಕಿ ತಂದು, ಟೇಪಿನ ಮೇಲೆ ನಿಂತು, ಸಂಜೆ ಬೆಳಕು ಆ ಕಡೆಯಿಂದ ಬರುತ್ತಲ್ಲ ಎಂದಳು. ಪರವಾಗಿಲ್ಲ, ಅದನ್ನೂ ಹೇಳೋಣ ಎಂದಳು ಅಮ್ಮ. ಕೂದಲನ್ನು ಹಿಂದಕ್ಕೆ ಮಾಡಬೇಕಿತ್ತು. ಅವಳೇ ಹೋಗಿ ಮಾಡಿದಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದ ಬೆರಳು ಕೆಳಗಿಳಿದು ಬಿಳಿಯ ಅಂಚಿಗೆ ಬಂತು, ಅಂಚನ್ನು ದಾಟಿತು. ದಾಟಿದ್ದು ಬೆರಳಿಗೆ ಗೊತ್ತಾಗಲಿಲ್ಲ. ಈ ಕಡೆಯ ಬಿಸಿಯೇ ಆ ಕಡೆಯೂ ಇತ್ತು.

ತನ್ನ ಜಾಗಕ್ಕೆ ಬಂದು, ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕಣ್ಣು ಕೊಟ್ಟಳು, ಒತ್ತಿದಳು. ಪುಟ್ಟ ಪರದೆ ಹೊತ್ತಿಕೊಂಡಿತು. ಅವಳು ನೋಡದೆ ಕ್ಯಾಮೆರಾವನ್ನು ಆಫ್ ಮಾಡಿ ಕುರ್ಚಿಯಲ್ಲಿ ಕೂತು, ಮಡಿಲಲ್ಲಿಟ್ಟುಕೊಂಡಳು. ಸ್ಕೇಲು ಇಳಿಸಮ್ಮ ಎಂದಳು.

“ಹೇಗೆ ಬಂದಿದೆ?”

“ನೋಡಿಲ್ಲ. ಡಾಕ್ಟರೇ ನೋಡ್ಲಿ.”

ಮಗಳು ಟೇಪು ಬಿಟ್ಟು ಹತ್ತಿರ ಬಂದಳು. ನಿಜವಾಗ್ಲೂ ನೋಡಿಲ್ವಾ ಎಂದು ಕೇಳಿದಳು, ಕೇಳಿದ ಮೇಲೆ ಉತ್ತರಕ್ಕೆ ಕಾಯಲಿಲ್ಲ. ಎರಡು ಕೈಯಿಂದ ಅಮ್ಮನ ಕೆನ್ನೆ ಹಿಡಿದು ಮುಖವನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿದಳು, ಬೆಳಕು ಸರಿಯಾಗಿ ಬೀಳುವಷ್ಟು. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು, ಹುಬ್ಬಿನ ನಡುವೆ, ಕಣ್ಣಡಿಯಲ್ಲಿ, ತುಟಿಯ ಕೊನೆಯಲ್ಲಿ ಏನನ್ನೋ ಹುಡುಕುತ್ತ, ಹತ್ತಿರ, ಇನ್ನೂ ಹತ್ತಿರ ಬಂದಳು. ಆ ನೋಟ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಅತ್ತೆ ಎದ್ದು ಹೊತ್ತೆಷ್ಟಾಯಿತು ಎಂದು ಕೇಳುತ್ತಿದ್ದರು. ಅವಳು ರೆಪ್ಪೆಯನ್ನೂ ಅಲುಗಿಸಲಿಲ್ಲ. ಮಗಳು ಸಾಕು ಅನ್ನುವವರೆಗೆ ಹಾಗೇ ಕೂತಿದ್ದಳು.